ಟೈಗಾ ಕಾಡಿನ ಉಣ್ಣಿ

ಓದಿಗೋ ಪ್ರವಾಸಕ್ಕೋ ಆಸ್ಟ್ರಿಯ, ಜರ್ಮನಿಗಳಿಗೆ ಹೊರಟವರು ಚಳಿಗೆಂದು ಉಣ್ಣೆಬಟ್ಟೆ ಕೊಳ್ಳುತ್ತಾರೆ. ಉಣ್ಣಿಯ ನೆನಪು ಮಾತ್ರ ಬರುವುದಿಲ್ಲ! ಅಲ್ಲಿನ ಕಾಡು, ಹುಲ್ಲುಗಾವಲುಗಳ ಉಣ್ಣಿಗಳಲ್ಲಿ ಮಿದುಳಿನ ಉರಿಯೂತ ತರುವ ವೈರಸ್ ಇರಬಹುದು. ಇದು ಪತ್ತೆಯಾದದ್ದು ಹೇಗೆ ಗೊತ್ತೆ?

1937ರಲ್ಲಿ ಸೋವಿಯತ್ ಒಕ್ಕೂಟದ ಪೂರ್ವದಂಚಿನ ಟೈಗಾ ಕಾಡುಗಳಲ್ಲಿ ಮರ ಕಡಿಯುವವರು, ಸೈನಿಕರು ಜ್ವರ ಬಂದು ಪಾರ್ಶ್ವವಾಯುವಿಗೆ ತುತ್ತಾಗುತ್ತಿದ್ದರು. ರೋಗ ಒಬ್ಬರಿಂದ ಒಬ್ಬರಿಗೆ ಹರಡುತ್ತದೆಂದು ಸ್ಥಳೀಯ ವೈದ್ಯರು ನಂಬಿದ್ದರು. ಅಲ್ಲಿಗೆ ತಂಡದೊಡನೆ ಹೋದ ಲೆವ್ ಜಿಲ್ಬರ್ ಬೇರೊಂದನ್ನು ಗಮನಿಸಿದರು. ರೋಗಿಗಳಿಗೆ ಪರಸ್ಪರ ಸಂಪರ್ಕವೇ ಇರಲಿಲ್ಲ. ಆದರೆ ಎಲ್ಲರೂ ಕಾಡಿನಲ್ಲಿ ಓಡಾಡಿದವರು. ಮೇಲಾಗಿ ರೋಗ ಶುರುವಾಗುತ್ತಿದ್ದುದು ವಸಂತದಲ್ಲಿ, ಸೊಳ್ಳೆಗಳ ಕಾಲಕ್ಕೆ ಮೊದಲೇ. ಆ ಹೊತ್ತಿಗೆ ಕಚ್ಚುವ ಜೀವಿ ಯಾವುದು? ಉಣ್ಣಿ! ಕೆಲವೇ ತಿಂಗಳಲ್ಲಿ ವೈರಸ್ಸೂ ಸಿಕ್ಕಿತು. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ತಂಡದ ಯುವ ವಿಜ್ಞಾನಿ ಮಿಖಾಯಿಲ್ ಚುಮಕೋವ್ ಸೋಂಕು ತಗುಲಿ ಬಲಗೈಯ ಶಕ್ತಿ ಕಳೆದುಕೊಂಡರು, ಕಿವಿಯೂ ಮಂದವಾಯಿತು. (ಮುಂದೆ ಪೋಲಿಯೋ ಲಸಿಕೆಗಾಗಿ ದುಡಿದವರು ಇವರೇ.) ಜಿಲ್ಬರ್ ಅವರಿಗೆ ಸಿಕ್ಕ ಬಹುಮಾನವೆಂದರೆ ಅದೇ ವರ್ಷ ಸುಳ್ಳು ಆರೋಪದ ಮೇಲೆ ಬಂಧನ.

1951ರಲ್ಲಿ ಸ್ಲೊವಾಕಿಯದ ರೊಜ್ನಾವ ಪಟ್ಟಣದಲ್ಲಿ 600ಕ್ಕೂ ಹೆಚ್ಚು ಜನರಿಗೆ ಈ ರೋಗ ಬಂತು. ಕಾರಣ ಉಣ್ಣಿಯ ಕಡಿತವಲ್ಲ, ಹಾಲು! ಸೋಂಕು ತಗುಲಿದ ಮೇಕೆಗಳ ಹಾಲು ಡೈರಿಯ ಹಾಲಿನಲ್ಲಿ ಬೆರೆತಿತ್ತು. ಅದು ಸರಿಯಾಗಿ ಪಾಶ್ಚರೀಕರಣಗೊಂಡಿರಲಿಲ್ಲ. ಆದ್ದರಿಂದ ಆ ನಾಡುಗಳಲ್ಲಿ ಹಸಿಹಾಲನ್ನಾಗಲೀ ಅದರ ಗಿಣ್ಣನ್ನಾಗಲೀ ಮುಟ್ಟಬೇಡಿ.

ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಷರಾಯಿ, ಕೀಟ ವಿಕರ್ಷಕ, ಸಂಜೆ ಮೈ ತಡಕಿ ನೋಡುವುದು — ಇವೆಲ್ಲ ಬೇಕು. ಆದರೆ ಇವಷ್ಟೇ ಸಾಲವು. ವೈರಸ್ ಇರುವುದು ಉಣ್ಣಿಯ ಜೊಲ್ಲಿನಲ್ಲಿ. ಕಚ್ಚಿದ ಕೆಲವೇ ನಿಮಿಷಗಳಲ್ಲಿ ಅದು ದೇಹ ಸೇರಬಲ್ಲದು. ಸಂಜೆ ಉಣ್ಣಿಯನ್ನು ಕಿತ್ತು ಹಾಕಿದರೆ ಅಷ್ಟು ಹೊತ್ತಿಗೆ ತಡವಾಗಿರಬಹುದು. ರೋಗ ಬಂದ ಮೇಲೆ ವೈರಸ್ಸನ್ನು ಕೊಲ್ಲುವ ಮದ್ದಿಲ್ಲ. ಹಾಗಾಗಿ ಲಸಿಕೆಯೇ ಮುಖ್ಯ. ಆಸ್ಟ್ರಿಯ 1981ರಲ್ಲಿ ಸಾಮೂಹಿಕ ಲಸಿಕೆ ಆರಂಭಿಸಿತು. ಅದಕ್ಕೆ ಮುಂಚೆ ವರ್ಷಕ್ಕೆ ನೂರಾರು ಇದ್ದ ರೋಗಿಗಳ ಸಂಖ್ಯೆ 1990ರ ದಶಕದ ಕೊನೆಗೆ ನೂರಕ್ಕಿಂತ ಕೆಳಗಿಳಿಯಿತು. ಮೊದಲೆರಡು ಚುಚ್ಚುಮದ್ದುಗಳ ನಡುವೆ ಸಾಮಾನ್ಯವಾಗಿ 1ರಿಂದ 3 ತಿಂಗಳ ಅಂತರ ಬೇಕು, ಮೂರನೆಯದು ಇನ್ನೂ ತಿಂಗಳುಗಳ ನಂತರ. ಆದ್ದರಿಂದ ಪ್ರಯಾಣ ನಿಶ್ಚಯವಾದಾಗಲೇ ವೈದ್ಯರನ್ನು ವಿಚಾರಿಸಿ.

ನಿಮಗೆ ಮಂಗನ ಕಾಯಿಲೆ ನೆನಪಾಗಿರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಆ ವೈರಸ್ ಇದರ ಹತ್ತಿರದ ಬಂಧು. ಹಾಗೆಂದೇ ರಷ್ಯದ ಈ ರೋಗಕ್ಕೆ ತಯಾರಿಸಿದ್ದ ಲಸಿಕೆಯನ್ನು ಆಗ ಮಲೆನಾಡಿನಲ್ಲೂ ಪ್ರಯೋಗಿಸಿ ನೋಡಿದರು. ಅದು ರಕ್ಷಣೆ ಕೊಡಲಿಲ್ಲ.