ಬಿಸಿನೀರಿನ ಅಪಸ್ಮಾರ: ಸಂಶೋಧನೆಯ ಇತಿಹಾಸ

ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಒಂದು ಬಗೆಯ ಮೂರ್ಛೆರೋಗ. ಯಾವುದೋ ಒಂದು ಪ್ರಚೋದನೆ ಸಿಕ್ಕಾಗ ಮಾತ್ರ ಕಾಣಿಸಿಕೊಳ್ಳುವ ಅಪಸ್ಮಾರಗಳ ಗುಂಪಿಗೆ ಇದು ಸೇರುತ್ತದೆ. ಮಿನುಗುವ ಬೆಳಕು ನೋಡಿ, ಪುಸ್ತಕ ಓದುತ್ತಾ, ಕೆಲವೊಮ್ಮೆ ಊಟ ಮಾಡುತ್ತಲೇ ಫಿಟ್ಸ್ ಬರುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಬಿಸಿನೀರಿನದು ಮಾತ್ರ ದಕ್ಷಿಣ ಕರ್ನಾಟಕದಿಂದ ವರದಿಯಾದಷ್ಟು ಬೇರೆಲ್ಲಿಂದಲೂ ಆಗಿಲ್ಲ. ಈ ಕಾಯಿಲೆಯ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ಬಹುಪಾಲು ಬೆಂಗಳೂರಿನ ಎರಡು ಸಂಸ್ಥೆಗಳಲ್ಲಿ ನಡೆದ ಕೆಲಸದ ಫಲ. ಒಂದು ನಿಮ್ಹಾನ್ಸ್, ಇನ್ನೊಂದು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ.

ಬಚ್ಚಲಲ್ಲಿ ಆಗುವುದೇನು

ಹಂಡೆಯಲ್ಲಿ ಕಾದ ನೀರನ್ನು ಬಕೆಟ್ಟಿನಲ್ಲಿ ಬೆರಕೆ ಮಾಡಿಕೊಂಡು, ಚೊಂಬಿನಿಂದ ನೆತ್ತಿಯ ಮೇಲೆ ಬಿಡುವಿಲ್ಲದೆ ಹೊಯ್ದುಕೊಳ್ಳುವುದು ನಮ್ಮ ತಲೆಸ್ನಾನದ ಪದ್ಧತಿ. ಆ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಈ ಕಾಯಿಲೆಯಿರುವವರು ನೀರು ಹೊಯ್ದುಕೊಳ್ಳುತ್ತಿರುವಾಗಲೋ ಸ್ನಾನ ಮುಗಿದ ಬೆನ್ನಿಗೋ ಒಮ್ಮೆಲೇ ಮಂಕಾಗುತ್ತಾರೆ. ದೃಷ್ಟಿ ಒಂದೇ ಕಡೆ ನೆಟ್ಟಿರುತ್ತದೆ, ಕರೆದರೆ ಓಗೊಡುವುದಿಲ್ಲ, ಸಂಬಂಧವಿಲ್ಲದ ಮಾತು ಬಾಯಿಗೆ ಬರುತ್ತದೆ. ಕೆಲವರಿಗೆ ವಿನಾಕಾರಣ ಭಯವಾಗುತ್ತದೆ. ಇಲ್ಲದ್ದು ಕಣ್ಣಿಗೆ ಕಾಣುವುದೂ ಕಿವಿಗೆ ಕೇಳುವುದೂ ಉಂಟು. ಇನ್ನು ಕೆಲವರಿಗೆ ಕೈಕಾಲು ಸೆಟೆದು ಪೂರ್ತಿ ಪ್ರಜ್ಞೆ ತಪ್ಪುತ್ತದೆ. ವಿಚಿತ್ರವೆಂದರೆ, ಆ ಹೊತ್ತಿನಲ್ಲಿ ಏನೋ ಸುಖ ಸಿಕ್ಕಂತಾಗಿ, ಬೇಡವೆಂದರೂ ಮತ್ತಷ್ಟು ಬಿಸಿನೀರು ಹೊಯ್ದುಕೊಳ್ಳುತ್ತಲೇ ಹೋಗುವವರೂ ಇದ್ದಾರೆ. ಮನೆಯವರು ಇದನ್ನು ಗಾಳಿಸೋಂಕು ಎಂದುಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಆಸ್ಪತ್ರೆಯ ಕಡತದಿಂದ ಸಮೀಕ್ಷೆಗೆ

ವೈದ್ಯಕೀಯ ಸಾಹಿತ್ಯದಲ್ಲಿ ಇದರ ಮೊದಲ ವರದಿ 1945ರದು, ನ್ಯೂಜಿಲೆಂಡಿನಿಂದ. ಅಲ್ಲಿನ ವೈದ್ಯ ಅಲೆನ್ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಆಮೇಲೆ ಜಪಾನ್ ಮುಂತಾದ ಕಡೆಗಳಿಂದ ಬಿಡಿಬಿಡಿ ವರದಿಗಳು ಬಂದವು. ಜಪಾನಿನ ರೋಗಿಗಳು ಹೆಚ್ಚಾಗಿ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮೀಯಿಸುವ ಎಳೆಯ ಮಕ್ಕಳು. ಅಷ್ಟರಿಂದ ಇದು ಅಪರೂಪದ ಕುತೂಹಲವಾಗಿಯೇ ಉಳಿಯುತ್ತಿತ್ತು.

ಹಾಗಾಗದಂತೆ ನೋಡಿಕೊಂಡವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ. 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಸ್ನಾನ ಮಾಡುವಾಗಲೇ ಫಿಟ್ಸ್ ಬರುತ್ತದೆ ಎಂದು ಒಬ್ಬರ ಮೇಲೊಬ್ಬರು ಹೇಳಿದ್ದನ್ನು ಅವರು ಕಾಕತಾಳೀಯವೆಂದು ತಳ್ಳಿಹಾಕಲಿಲ್ಲ. 1968ರಿಂದ 1974ರ ನಡುವೆ ಅವರೂ ಸಹೋದ್ಯೋಗಿಗಳೂ ಪ್ರಕಟಿಸಿದ ವರದಿಗಳಲ್ಲಿ ರೋಗಿಗಳ ಸಂಖ್ಯೆ ನೂರನ್ನು ದಾಟಿತು. ಮುಂದೆ ನಿಮ್ಹಾನ್ಸಿನ ನಿರ್ದೇಶಕರಾದ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರವನ್ನು 'ಎಪಿಲೆಪ್ಸಿಯಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿಸಿನೀರಿನ ಅಪಸ್ಮಾರಕ್ಕೆ ಜಾಗತಿಕ ಮನ್ನಣೆ ಸಿಕ್ಕಿದ್ದು ಈ ಲೇಖನದಿಂದ.

ಆಸ್ಪತ್ರೆಗೆ ಬಂದವರನ್ನು ಎಣಿಸಿದರೆ ಊರಿನ ಲೆಕ್ಕ ಸಿಗುವುದಿಲ್ಲ. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಡೆದ ಮನೆಮನೆ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ 60 ಮಂದಿಯಂತೆ ಈ ಕಾಯಿಲೆ ಕಂಡಿತು. ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಮಣಿಯವರ ತಂಡ ನಡೆಸಿದ ಸಮೀಕ್ಷೆಯಲ್ಲಿ ಆ ಸಂಖ್ಯೆ 255. ಆದರೆ ಉತ್ತರದಲ್ಲಿ ತುಂಗಭದ್ರೆಯ ದಂಡೆಯ ಮಾಗಳ ಗ್ರಾಮದಿಂದ ದಕ್ಷಿಣದ ಯಳಂದೂರಿನವರೆಗೆ ಎಲ್ಲೆಡೆ ತಲೆಗೆ ಎರೆದುಕೊಳ್ಳಲು ಕಾಸಿದ ನೀರೇ ಬೇಕು. ಹಾಗಾಗಿ ರೋಗಿಗಳು ಹೆಚ್ಚಾಗಿ ದಕ್ಷಿಣದ ಜಿಲ್ಲೆಗಳವರು ಎನ್ನುವಾಗ, ಹುಡುಕಿದ್ದೂ ಹೆಚ್ಚಾಗಿ ಅಲ್ಲಿಯೇ ಎಂಬುದನ್ನು ನೆನಪಿನಲ್ಲಿಡಬೇಕು. ಭಾರತದ ಹೊರಗೆ ಇಂಥ ರೋಗಿಗಳು ಗಮನಾರ್ಹ ಸಂಖ್ಯೆಯಲ್ಲಿ ಕಂಡುಬಂದ ದೇಶ ಟರ್ಕಿ.

ಬಿಸಿ ಮತ್ತು ಅಯಾನು ನಾಲೆಗಳು

ನರಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಅಯಾನುಗಳು ಓಡಾಡಲು ಪ್ರೋಟೀನಿನ ಸಣ್ಣ ನಾಲೆಗಳಿವೆ. ಇವು ತೆರೆದು ಮುಚ್ಚುವುದರಿಂದಲೇ ನರದಲ್ಲಿ ವಿದ್ಯುತ್ ಸಂಕೇತ ಹರಿಯುತ್ತದೆ. ತಾಪ ಏರಿದರೆ ಈ ನಾಲೆಗಳು ಕೆಲಸ ಮಾಡುವ ವೇಗವೂ ಏರುತ್ತದೆ. ಆರೋಗ್ಯವಂತ ಮಿದುಳು ಆ ಏರಿಳಿತವನ್ನು ಸಂಭಾಳಿಸುತ್ತದೆ. ಎಲ್ಲೋ ಒಂದು ಜೀನು ಕೆಟ್ಟಿದ್ದರೆ ಸಂಭಾಳಿಸಲಾಗದೆ ಕೋಶಗಳು ಗುಂಪಾಗಿ ಒಟ್ಟಿಗೆ ಮಿಡಿಯತೊಡಗುತ್ತವೆ. ಅದೇ ಮೂರ್ಛೆ.

ವಂಶಪಾರಂಪರ್ಯವಾಗಿ ಬರುವ ಹಲವು ಅಪಸ್ಮಾರಗಳ ಮೂಲದಲ್ಲಿ ಕೆಟ್ಟ ಅಯಾನು ನಾಲೆಯ ಜೀನಿದೆ ಎಂಬುದು 1995ರಿಂದೀಚೆಗೆ ಖಚಿತವಾಗುತ್ತ ಬಂತು. ಎಳೆಯ ಮಕ್ಕಳಿಗೆ ಜ್ವರದೊಂದಿಗೆ ಶುರುವಾಗುವ ಡ್ರಾವೆ ಸಿಂಡ್ರೋಮ್ ಇದಕ್ಕೆ ಒಳ್ಳೆಯ ನಿದರ್ಶನ. ಸೋಡಿಯಂ ನಾಲೆಯ ಎಸ್‌ಸಿಎನ್1ಎ ಜೀನು ಅದಕ್ಕೆ ಕಾರಣವೆಂದು 2001ರಲ್ಲಿ ಗೊತ್ತಾಯಿತು. ಆ ಮಕ್ಕಳಲ್ಲೂ ಬಿಸಿನೀರಿನ ಸ್ನಾನ ಫಿಟ್ಸ್ ತರಬಲ್ಲದು. ತಾಪ, ನಾಲೆ, ಮೂರ್ಛೆ ಈ ಮೂರರ ನಂಟು ಅಲ್ಲಿ ಎದ್ದು ಕಾಣುತ್ತದೆ.

ನಿಮ್ಹಾನ್ಸಿನಲ್ಲಿ ಸತೀಶ್ಚಂದ್ರ, ರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಮತ್ತು ಸಂಗಡಿಗರು ಇಲಿಗಳ ಮೇಲೆ ಬಿಸಿನೀರಿನ ಪ್ರಯೋಗ ನಡೆಸಿ 1996ರಲ್ಲಿ ವರದಿ ಮಾಡಿದರು. ಮತ್ತೆ ಮತ್ತೆ ಬಿಸಿ ತಾಗಿದಂತೆ ಮಿದುಳು ಮೂರ್ಛೆಗೆ ಹೆಚ್ಚು ಹೆಚ್ಚು ಸುಲಭವಾಗಿ ಒಳಗಾಗುತ್ತದೆ ಎಂಬುದು ಈ ಬಗೆಯ ಪ್ರಯೋಗಗಳಿಂದ ಹೊಮ್ಮಿದ ವಿಚಾರ. ರೋಗಿಗಳಲ್ಲಿ ಒಂದು ಪಾಲು ಜನರಿಗೆ ಕೆಲವು ವರ್ಷಗಳಲ್ಲಿ ಸ್ನಾನವಿಲ್ಲದೆಯೂ ಫಿಟ್ಸ್ ಬರತೊಡಗುವುದು ಇದಕ್ಕೆ ಹೊಂದುತ್ತದೆ.

ಜೀನುಗಳ ಹುಡುಕಾಟ

ಒಂದೇ ಮನೆಯಲ್ಲಿ ಅಜ್ಜ, ಅಪ್ಪ, ಮಗಳು ಹೀಗೆ ತಲೆಮಾರಿನಿಂದ ತಲೆಮಾರಿಗೆ ಕಾಯಿಲೆ ಇಳಿದು ಬಂದ ಕುಟುಂಬಗಳು ನಿಮ್ಹಾನ್ಸಿನ ವೈದ್ಯರಿಗೆ ಗೊತ್ತಿದ್ದವು. ಜಕ್ಕೂರಿನ ಕೇಂದ್ರದ ಅಣುಜೀವಶಾಸ್ತ್ರಜ್ಞ ಅನುರಂಜನ್ ಆನಂದ್ ಅವರಿಗೆ ಬೇಕಾಗಿದ್ದದ್ದು ಅಂಥ ಕುಟುಂಬಗಳೇ. ಈ ಜೊತೆಗಾರಿಕೆಯಿಂದ 2008ರಲ್ಲಿ ದಕ್ಷಿಣ ಭಾರತದ ಒಂದು ಕುಟುಂಬದ ಬೇರೊಂದು ಬಗೆಯ ಅಪಸ್ಮಾರದ ಮೂಲ ಸಿಕ್ಕಿತು. ಕೋಶದ ಹೊರಗಿನ ಕ್ಯಾಲ್ಸಿಯಂ ಪ್ರಮಾಣವನ್ನು ಅಳೆಯುವ ಗ್ರಾಹಕ ಪ್ರೋಟೀನಿನ ಜೀನು ಅಲ್ಲಿ ಬದಲಾಗಿತ್ತು. 2009ರಲ್ಲಿ ಬಿಸಿನೀರಿನ ಅಪಸ್ಮಾರದ ಸರದಿ. ಕಾಯಿಲೆಗೆ ಕಾರಣವಾದ ಜೀನು 10ನೇ ವರ್ಣತಂತುವಿನ ಒಂದು ಭಾಗದಲ್ಲಿದೆಯೆಂದು ಒಂದು ಅಧ್ಯಯನವೂ, 4ನೇ ವರ್ಣತಂತುವಿನಲ್ಲಿದೆಯೆಂದು ಇನ್ನೊಂದೂ ತೋರಿಸಿದವು. ಮುಂದೆ 9ನೇ ವರ್ಣತಂತುವಿನ ತುದಿಯೂ ಪಟ್ಟಿಗೆ ಸೇರಿತು. ಕಾಯಿಲೆಯ ಲಕ್ಷಣ ಒಂದೇ, ಜೀನು ಮನೆಮನೆಗೆ ಬೇರೆ.

ಇದುವರೆಗೆ ಗುರುತಾದ ಜೀನುಗಳಲ್ಲಿ ಎರಡು ಕುತೂಹಲಕರ. 9ನೇ ವರ್ಣತಂತುವಿನ ಎಸ್‌ಎಲ್‌ಸಿ1ಎ1 ಜೀನಿನ ಪ್ರೋಟೀನು ನರಕೋಶಗಳನ್ನು ಕೆರಳಿಸುವ ಗ್ಲುಟಮೇಟನ್ನು ಸೋಡಿಯಂ ಅಯಾನುಗಳ ಜೊತೆಯಲ್ಲಿ ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಅದು ನಾಲೆಯಲ್ಲ, ಸಾಗಣೆಯ ಪ್ರೋಟೀನು. ಆದರೂ ಕ್ಲೋರೈಡನ್ನು ನಾಲೆಯಂತೆ ಹರಿಯಬಿಡುವ ಗುಣ ಅದಕ್ಕಿದೆ. ಎರಡನೆಯದು 4ನೇ ವರ್ಣತಂತುವಿನ ಝಡ್‌ಜಿಆರ್‌ಎಫ್1. ಇದು ಡಿಎನ್‌ಎ ಎಳೆಗಳನ್ನು ಬಿಡಿಸುವ ಹೆಲಿಕೇಸ್ ಕುಲದ ಪ್ರೋಟೀನು. ಡಿಎನ್‌ಎ ನಕಲಾಗುವಾಗ ಅಡ್ಡ ಬರುವ ಹಾನಿಯನ್ನು ಸರಿಪಡಿಸುವಲ್ಲಿ ಇದಕ್ಕೆ ಪಾತ್ರವಿದೆಯೆಂದು 2020ರಲ್ಲಿ ಬೇರೆ ಸಂಶೋಧಕರು ತೋರಿಸಿದರು. ಅಯಾನು ನಾಲೆಯ ಜೀನೇ ಸಿಕ್ಕೀತೆಂಬ ಸಹಜ ನಿರೀಕ್ಷೆಗೆ ಇದು ದೊಡ್ಡ ತಿರುವು. ಡಿಎನ್‌ಎ ರಿಪೇರಿಗೂ ಬಚ್ಚಲಿನ ಫಿಟ್ಸಿಗೂ ಇರುವ ಕೊಂಡಿಯನ್ನು ಬಿಡಿಸಿ ಹೇಳುವುದು ಈ ಕ್ಷೇತ್ರದ ಮುಂದಿನ ಕೆಲಸ.

ಚಿಕಿತ್ಸೆ

ಜೀನಿನ ಪಾಲು ಎಷ್ಟೇ ಇರಲಿ, ಬಿಸಿನೀರು ತಲೆಗೆ ಬೀಳದೆ ಈ ಮೂರ್ಛೆ ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದ ಮೊದಲ ಮದ್ದಿಗೆ ಕಾಸಿನ ಖರ್ಚಿಲ್ಲ. ಉಗುರು ಬೆಚ್ಚಗಿನ ನೀರು ಸಾಕು. ಮೊದಲು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ಆಮೇಲೆ ತಲೆಗೆ ನಿಧಾನವಾಗಿ ನೀರು ಹಾಕಿಕೊಳ್ಳಬೇಕು. ಇಷ್ಟರಿಂದ ನಿಲ್ಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಡುವ ಕ್ರಮವಿದೆ. ಸ್ನಾನವಿಲ್ಲದೆಯೂ ಫಿಟ್ಸ್ ಬರುವವರು ದಿನವೂ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಬಿದ್ದವರ ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಪ್ರಯೋಜನವಿಲ್ಲ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದರೆ ಉಸಿರಾಟಕ್ಕೆ ಅನುಕೂಲ. ಒಮ್ಮೆ ಹೀಗಾದವರು ನರರೋಗ ತಜ್ಞರಿಗೆ ತೋರಿಸಿಕೊಳ್ಳಬೇಕು, ಸ್ನಾನ ಮಾಡುವಾಗ ಬಚ್ಚಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಳ್ಳಬಾರದು.