ಶಾಸನದ ಪುಟದಿಂದ ಮನೆಯ ಗೋಡೆಗೆ: ಯುರೋಪಿನ ಇಂಧನ ದಕ್ಷತೆಯ ಕಾನೂನುಗಳು

1973ರ ಅಕ್ಟೋಬರಿನಲ್ಲಿ ಅರಬ್–ಇಸ್ರೇಲ್ ಯುದ್ಧದ ಬೆನ್ನಿಗೇ ಅರಬ್ ರಾಷ್ಟ್ರಗಳು ತೈಲ ಪೂರೈಕೆಯನ್ನು ಮೊಟಕುಗೊಳಿಸಿದಾಗ, ಬ್ಯಾರೆಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ 12 ಡಾಲರಿನ ಸಮೀಪಕ್ಕೆ ಏರಿತು. ಅಗ್ಗದ ತೈಲವನ್ನು ನಂಬಿ ಎರಡು ದಶಕ ಕಾಲ ಕಾರ್ಖಾನೆ, ರಸ್ತೆ, ವಸತಿಗಳನ್ನು ಕಟ್ಟಿಕೊಂಡಿದ್ದ ಪಶ್ಚಿಮ ಯುರೋಪು ಇಂಧನದ ಬಗೆಗೆ ಶಾಸನ ಮಾಡಬೇಕಾದ ಒತ್ತಡಕ್ಕೆ ಸಿಲುಕಿತು. ನೆದರ್ಲೆಂಡ್ಸ್ ಆ ವರ್ಷದ ನವೆಂಬರ್ 4ರಿಂದ ಭಾನುವಾರಗಳಂದು ಕಾರುಗಳ ಸಂಚಾರವನ್ನು ನಿಷೇಧಿಸಿತು. ಪಶ್ಚಿಮ ಜರ್ಮನಿ ಮತ್ತು ಡೆನ್ಮಾರ್ಕ್ ಅದೇ ತಿಂಗಳ 25ರಿಂದ ಅದೇ ದಾರಿ ಹಿಡಿದವು. ಆದರೆ ಅವೆಲ್ಲ ಆಪತ್ಕಾಲದ ಮಿತವ್ಯಯದ ಕ್ರಮಗಳು. ಅದೇ ಬಿಸಿ, ಅದೇ ಬೆಳಕು, ಅದೇ ಕೆಲಸವನ್ನು ಕಡಿಮೆ ಇಂಧನದಿಂದ ಪಡೆಯುವುದನ್ನು ಇಂಧನ ದಕ್ಷತೆ ಎನ್ನುತ್ತಾರೆ; ಅದಕ್ಕೆ ಬೇಕಾದ ಶಾಸನದ ಸ್ವರೂಪವೇ ಬೇರೆ, ಮತ್ತು ಅದು ರೂಪುಗೊಳ್ಳಲು ಇನ್ನಷ್ಟು ಕಾಲ ಹಿಡಿಯಿತು.

ಪಶ್ಚಿಮ ಜರ್ಮನಿಯು 1976ರಲ್ಲಿ ಇಂಧನ ಉಳಿತಾಯ ಕಾಯಿದೆಯನ್ನು ಅಂಗೀಕರಿಸಿ, ಅದರಡಿ ಮರುವರ್ಷ ಹೊರಡಿಸಿದ ಶಾಖರಕ್ಷಣಾ ನಿಯಮಗಳಲ್ಲಿ, ಹೊಸ ಕಟ್ಟಡದ ಗೋಡೆ, ಕಿಟಕಿ, ಛಾವಣಿಗಳ ಮೂಲಕ ಎಷ್ಟು ಶಾಖ ಸೋರಿಹೋಗಬಹುದು ಎಂಬುದಕ್ಕೆ ಅಂಕಿಗಳಲ್ಲಿ ಮಿತಿ ಹಾಕಿತು. ಡೆನ್ಮಾರ್ಕಿನ ಸಂಕಟ ಇದಕ್ಕಿಂತ ತೀವ್ರವಾಗಿತ್ತು, ಏಕೆಂದರೆ ಆ ದೇಶದ ಇಂಧನದಲ್ಲಿ ಶೇಕಡ 90ರಷ್ಟು ಆಮದು ತೈಲವೇ ಆಗಿತ್ತು. 1976ರಲ್ಲಿ ಸ್ಥಾಪನೆಯಾದ ಇಂಧನ ಇಲಾಖೆ ಮತ್ತು 1979ರ ಶಾಖ ಪೂರೈಕೆ ಕಾಯಿದೆಗಳ ಮೂಲಕ ಅಲ್ಲಿ ಪ್ರತಿಯೊಂದು ನಗರಾಡಳಿತವೂ ತನ್ನ ವ್ಯಾಪ್ತಿಯ ಯಾವ ಬಡಾವಣೆಗೆ ಯಾವ ಬಗೆಯ ಶಾಖ ತಲುಪಬೇಕೆಂಬ ಯೋಜನೆ ಮಾಡತೊಡಗಿತು. ವಿದ್ಯುತ್ ಸ್ಥಾವರದಲ್ಲಿ ವ್ಯರ್ಥವಾಗಿ ಸಮುದ್ರಕ್ಕೋ ಗಾಳಿಗೋ ಸೇರುತ್ತಿದ್ದ ಶಾಖದಿಂದ ನೀರು ಕಾಯಿಸಿ, ಅದನ್ನು ನೆಲದಡಿಯ ಕೊಳವೆಗಳಲ್ಲಿ ಮನೆಮನೆಗೆ ಹರಿಸುವ ಸಾಮೂಹಿಕ ತಾಪನ ವ್ಯವಸ್ಥೆಯಿಂದ ಇಂದು ಆ ದೇಶದ ಸುಮಾರು ಮೂರನೇ ಎರಡರಷ್ಟು ಮನೆಗಳು ಬೆಚ್ಚಗಿರುವುದಕ್ಕೆ ಆ ಶಾಸನ ಭದ್ರ ಬುನಾದಿ ಹಾಕಿತು. ಕಾಯಿದೆಯನ್ನು ಬರೆದವರು ಅದನ್ನು ಜಾರಿಗೆ ತರುವ ಹೊಣೆ ಯಾರದೆಂಬುದನ್ನೂ ಸ್ಪಷ್ಟವಾಗಿ ಬರೆದಿದ್ದರು. ಯುರೋಪಿನ ಮುಂದಿನ ಅನೇಕ ಶಾಸನಗಳಲ್ಲಿ ಕಾಣೆಯಾದದ್ದು ಇದೇ ಗುಣ.

ಇಡೀ ಯುರೋಪಿನ ಮಟ್ಟದಲ್ಲಿ ನಡೆದ ಮೊದಲ ಯತ್ನಗಳಲ್ಲೊಂದು ಬಹಳ ದುರ್ಬಲವಾಗಿತ್ತು. ಗೃಹೋಪಯೋಗಿ ಉಪಕರಣಗಳು ಎಷ್ಟು ವಿದ್ಯುತ್ ಬಳಸುತ್ತವೆ ಎಂಬುದನ್ನು ಚೀಟಿಯಲ್ಲಿ ತಿಳಿಸಬೇಕೆಂದು ಯುರೋಪಿಯನ್ ಆರ್ಥಿಕ ಸಮುದಾಯ 1979ರಲ್ಲಿ ಗೊತ್ತುಪಡಿಸಿತಾದರೂ ಚೀಟಿ ಅಂಟಿಸುವುದು ಕಡ್ಡಾಯವಾಗಿರಲಿಲ್ಲ. ಹೀಗಾಗಿ ತಯಾರಕರು ಅದನ್ನು ಹೆಚ್ಚಾಗಿ ಕಡೆಗಣಿಸಿದರು. 1992ರ ಹೊಸ ಶಾಸನ ಈ ಲೋಪವನ್ನು ತಿದ್ದಿತು. ಫ್ರಿಜ್‌ನ ಬಾಗಿಲ ಮೇಲೆ ಹಸಿರಿನಿಂದ ಕೆಂಪಿನವರೆಗೆ ಏಳು ಬಾಣದ ಪಟ್ಟಿಗಳು, ಅವುಗಳೊಳಗೆ ಎ ಯಿಂದ ಜಿ ವರೆಗಿನ ಅಕ್ಷರಗಳು, ಪಕ್ಕದಲ್ಲಿ ಆ ಫ್ರಿಜ್‌ನ ದರ್ಜೆಯನ್ನು ತೋರಿಸುವ ಕಪ್ಪು ಬಾಣ, ಕೆಳಗೆ ವರ್ಷಕ್ಕೆ ತಗಲುವ ಯೂನಿಟ್‌ಗಳ ಲೆಕ್ಕ: ಇದಿಷ್ಟನ್ನೂ ತಯಾರಕ ಮುದ್ರಿಸಿ ಕೊಡಬೇಕು, ಅಂಗಡಿಯವನು ಗಿರಾಕಿಗೆ ಕಾಣುವಂತೆ ಅಂಟಿಸಬೇಕು. ದರ್ಜೆ ಕಣ್ಣಿಗೆ ಬಿದ್ದದ್ದೇ ತಡ ಪೈಪೋಟಿ ಆರಂಭವಾಯಿತು. ಎ ದರ್ಜೆಯ ಸರಕುಗಳು ಎಷ್ಟು ಹೆಚ್ಚಿದವೆಂದರೆ ಅದರ ಮೇಲೆ ಒಂದು, ಎರಡು, ಕೊನೆಗೆ ಮೂರು ಕೂಡು ಚಿಹ್ನೆಗಳ ದರ್ಜೆಗಳನ್ನು ಸೇರಿಸಬೇಕಾಯಿತು. ಮೂರರ ನಡುವೆ ಒಂದೇ ಚಿಹ್ನೆಯಿರುವ ಸರಕೂ ಒಳ್ಳೆಯದೆಂದೇ ಗಿರಾಕಿ ಭಾವಿಸುವಂತಾದಾಗ ಚೀಟಿಯ ಉದ್ದೇಶವೇ ಮಸುಕಾಯಿತು. 2021ರ ಮಾರ್ಚಿನಿಂದ ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಟಿವಿ ಮೊದಲಾದವುಗಳಿಗೆ ಮತ್ತೆ ಎ ಯಿಂದ ಜಿ ವರೆಗಿನ ಅಳತೆಯನ್ನೇ, ಹೆಚ್ಚು ಬಿಗಿಗೊಳಿಸಿ, ಜಾರಿಗೆ ತರಲಾಯಿತು.

ಅಳೆಯುವ ಕ್ರಮ ತಪ್ಪಿದರೆ ಕಡ್ಡಾಯದ ಶಾಸನವೂ ಉಳಿಯದೆಂಬುದಕ್ಕೆ ವ್ಯಾಕ್ಯೂಮ್ ಕ್ಲೀನರ್‌ಗಳ ಪ್ರಕರಣ ಸಾಕ್ಷಿ. 2013ರ ನಿಯಮದ ಪ್ರಕಾರ ಅವುಗಳ ದಕ್ಷತೆಯನ್ನು ದೂಳಿನ ಚೀಲ ಖಾಲಿಯಿರುವಾಗ ಪರೀಕ್ಷಿಸಲಾಗುತ್ತಿತ್ತು. ಚೀಲ ತುಂಬುತ್ತ ಹೋದಂತೆ ಹೀರುವ ಬಲ ಕುಗ್ಗುವ ಯಂತ್ರಗಳೂ ಇದರಿಂದ ಒಳ್ಳೆಯ ದರ್ಜೆ ಪಡೆಯುತ್ತವೆಂದು ಡೈಸನ್ ಕಂಪನಿ ದಾವೆ ಹೂಡಿತು. ವರ್ಷಗಳ ವ್ಯಾಜ್ಯದ ನಂತರ 2018ರ ನವೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್, ಪರೀಕ್ಷೆಯು ನಿಜವಾದ ಬಳಕೆಗೆ ಆದಷ್ಟು ಹತ್ತಿರವಾಗಿರಬೇಕೆಂದು ಹೇಳಿ, ಆ ನಿಯಮವನ್ನೇ ರದ್ದುಗೊಳಿಸಿತು.

ಉಪಕರಣ ಕಾರ್ಖಾನೆಯಿಂದ ಸಾವಿರಗಟ್ಟಲೆ ಒಂದೇ ರೂಪದಲ್ಲಿ ಹೊರಬರುತ್ತದೆ; ಒಂದನ್ನು ಪರೀಕ್ಷಿಸಿದರೆ ಎಲ್ಲವನ್ನೂ ಪರೀಕ್ಷಿಸಿದಂತೆ. ಕಟ್ಟಡದ ವಿಷಯ ಹಾಗಲ್ಲ. ಯುರೋಪಿಯನ್ ಒಕ್ಕೂಟದ ಒಟ್ಟು ಇಂಧನದಲ್ಲಿ ಸುಮಾರು ಶೇಕಡ 40 ಕಟ್ಟಡಗಳಲ್ಲೇ ವೆಚ್ಚವಾಗುತ್ತದೆ, ಅವುಗಳಲ್ಲಿ ಬಹುಪಾಲು ಶಾಖರಕ್ಷಣೆಯ ನಿಯಮಗಳಿಲ್ಲದ ಕಾಲದಲ್ಲಿ ಕಟ್ಟಿದವು, ಮತ್ತು ಒಂದೊಂದಕ್ಕೂ ಬೇರೆ ಮಾಲೀಕ, ಬೇರೆ ಗೋಡೆ, ಬೇರೆ ಹವೆ. ಇದಕ್ಕೆ ಒಕ್ಕೂಟ ಬಳಸುವ ಸಾಧನ ‘ನಿರ್ದೇಶನ’. ಒಕ್ಕೂಟದ ‘ನಿಯಮಾವಳಿ’ ಜಾರಿಗೆ ಬಂದೊಡನೆ ಎಲ್ಲ ಸದಸ್ಯ ದೇಶಗಳಲ್ಲೂ ನೇರವಾಗಿ ಕಾನೂನಾಗುತ್ತದೆ. ನಿರ್ದೇಶನವಾದರೋ ಸಾಧಿಸಬೇಕಾದ ಗುರಿಯನ್ನು ಹೇಳಿ, ಗೊತ್ತಾದ ಗಡುವಿನೊಳಗೆ ಅದಕ್ಕೆ ತಕ್ಕ ಕಾನೂನನ್ನು ಆಯಾ ದೇಶವೇ ಮಾಡಿಕೊಳ್ಳುವಂತೆ ಬಿಡುತ್ತದೆ. ಸ್ಥಳೀಯ ಪರಿಸ್ಥಿತಿಗೆ ಒಗ್ಗುವ ಈ ವಿಧಾನ ವಿವೇಕದ್ದೇ. ಆದರೆ ವಿಳಂಬಕ್ಕೂ ನುಣುಚಿಕೊಳ್ಳುವುದಕ್ಕೂ ದಾರಿ ತೆರೆಯುವುದು ಇದೇ.

2002ರ ಕಟ್ಟಡ ನಿರ್ದೇಶನ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಮನೆ ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ, ಅದನ್ನು ಬೆಚ್ಚಗಿಡಲು ಎಷ್ಟು ಇಂಧನ ಬೇಕೆಂಬುದನ್ನು ತಜ್ಞರು ಲೆಕ್ಕಹಾಕಿ ಬರೆದ ಪ್ರಮಾಣಪತ್ರವನ್ನು ತೋರಿಸಬೇಕೆಂದು ಅದು ವಿಧಿಸಿತು. 2006ರ ಜನವರಿ 4ರ ಗಡುವನ್ನು ಅನೇಕ ದೇಶಗಳು ಮೀರಿದವು. ಇಟಲಿಯಲ್ಲಂತೂ, ತನ್ನ ಕಟ್ಟಡ ತೀರ ಕೆಳಗಿನ ಜಿ ದರ್ಜೆಯದು, ಅದರ ಇಂಧನ ವೆಚ್ಚ ಬಹಳ ಹೆಚ್ಚು ಎಂದು ಮಾಲೀಕನೇ ಬರೆದುಕೊಟ್ಟರೆ ತಜ್ಞರ ತಪಾಸಣೆ ಬೇಕಿಲ್ಲವೆಂಬ ವಿನಾಯಿತಿಯನ್ನು 2009ರ ಮಾರ್ಗಸೂಚಿಯಲ್ಲಿ ಕೊಡಲಾಯಿತು. ಕೊಳ್ಳುವವನಿಗೆ ಮಾಹಿತಿ ಸಿಗಲೆಂದು ಮಾಡಿದ ಕಾನೂನು, ಮಾಹಿತಿಯೇ ಇಲ್ಲದ ಒಂದು ಹಾಳೆಯಿಂದ ಪೂರೈಸಿದಂತಾಯಿತು. ಯುರೋಪಿಯನ್ ಆಯೋಗ ಮೊದಲು ನೋಟಿಸು, ಬಳಿಕ ಕಾರಣಸಹಿತ ಅಭಿಪ್ರಾಯ, ಕೊನೆಗೆ ದಾವೆ ಎಂಬ ತನ್ನ ದೀರ್ಘ ಕ್ರಮವನ್ನು ಅನುಸರಿಸಿ, 2013ರ ಜೂನಿನಲ್ಲಿ ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯದಿಂದ ಇಟಲಿಯ ವಿರುದ್ಧ ತೀರ್ಪು ಪಡೆಯಿತು. ಗಡುವು ಮುಗಿದು ಆ ವೇಳೆಗೆ ಏಳು ವರ್ಷ ಕಳೆದಿತ್ತು.

2012ರ ಇಂಧನ ದಕ್ಷತಾ ನಿರ್ದೇಶನ ಇಂಥ ಅನುಭವಗಳ ನಂತರ ಬಂದದ್ದು. 2020ರ ವೇಳೆಗೆ ಬಳಕೆಯನ್ನು ಅಂದಾಜಿಗಿಂತ ಶೇಕಡ 20ರಷ್ಟು ತಗ್ಗಿಸುವುದು ಗುರಿ. ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ವರ್ಷಕ್ಕೆ ಶೇಕಡ 3ರಷ್ಟನ್ನು ನವೀಕರಿಸಬೇಕು. ದೊಡ್ಡ ಕಂಪನಿಗಳು ನಾಲ್ಕು ವರ್ಷಕ್ಕೊಮ್ಮೆ ಇಂಧನ ಲೆಕ್ಕಪರಿಶೋಧನೆ ಮಾಡಿಸಬೇಕು. ಪ್ರತಿವರ್ಷ ಮಾರಾಟದ ಶೇಕಡ 1.5ಕ್ಕೆ ಸಮನಾದಷ್ಟು ಹೊಸ ಉಳಿತಾಯವನ್ನು ಪ್ರತಿ ದೇಶವೂ ತೋರಿಸಬೇಕು. ಈ ಕೊನೆಯ ವಿಧಿಯೇ ಇಡೀ ಶಾಸನದ ಜೀವಾಳ. ವಿದ್ಯುತ್ತು, ಅನಿಲ ಮಾರುವ ಕಂಪನಿಗಳೇ ಗಿರಾಕಿಗಳ ಉಳಿತಾಯಕ್ಕೆ ಹೊಣೆಯಾಗುವ ಪದ್ಧತಿಯನ್ನು ಬ್ರಿಟನ್ 1990ರ ದಶಕದಲ್ಲೇ ಆರಂಭಿಸಿತ್ತು. ಇಟಲಿ 2005ರಲ್ಲಿ, ಫ್ರಾನ್ಸ್ 2006ರಲ್ಲಿ, ಸಾಧಿಸಿದ ಉಳಿತಾಯಕ್ಕೆ ಪ್ರಮಾಣಪತ್ರ ನೀಡಿ ಅದನ್ನು ಕೊಂಡು ಮಾರಲೂ ಅವಕಾಶ ಕೊಡುವ ವ್ಯವಸ್ಥೆಯನ್ನು ಕಟ್ಟಿದ್ದವು. ಆದರೆ ಸರ್ಕಾರಗಳ ಚೌಕಾಸಿಯಲ್ಲಿ ಸಾರಿಗೆಯನ್ನು ಲೆಕ್ಕದಿಂದ ಬಿಡಲು, ಉಳಿದುದರಲ್ಲೂ ಕಾಲು ಭಾಗದವರೆಗೆ ವಿನಾಯಿತಿ ಪಡೆಯಲು ಒಪ್ಪಿಗೆ ಸಿಕ್ಕಿ, ಶೇಕಡ 1.5 ಎಂಬ ಅಂಕಿ ಆಚರಣೆಯಲ್ಲಿ ಅರ್ಧದ ಸಮೀಪಕ್ಕೆ ಇಳಿಯಿತು.

ಗುರಿ ಕೈಗೂಡಿತು, ಆದರೆ ಅದಕ್ಕೆ ಕಾನೂನಷ್ಟೇ ಕಾರಣವಲ್ಲ. 2020ರಲ್ಲಿ ಒಕ್ಕೂಟದ 27 ದೇಶಗಳ ಅಂತಿಮ ಬಳಕೆ, ಅಂದರೆ ಮನೆ, ಕಾರ್ಖಾನೆ, ವಾಹನಗಳನ್ನು ತಲುಪಿದ ಇಂಧನ, 95.9 ಕೋಟಿ ಟನ್ ತೈಲಕ್ಕೆ ಸಮನಾದ ಮಿತಿಗೆ ಪ್ರತಿಯಾಗಿ 90.7 ಕೋಟಿಯಷ್ಟಿತ್ತು, ಕೋವಿಡ್ ನಿರ್ಬಂಧಗಳು ಸಡಿಲಗೊಂಡ ಮರುವರ್ಷ ಅದು 96.8 ಕೋಟಿಗೆ ಏರಿ ಮಿತಿಯನ್ನೇ ದಾಟಿತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಗಿ ಅನಿಲ ಪೂರೈಕೆ ಕುಸಿದಾಗ, 1973ರ ಬಳಿಕ ನಡೆದಂತೆಯೇ, ಕೊರತೆಯು ಶಾಸನಕ್ಕೆ ವೇಗ ಕೊಟ್ಟಿತು. 2023ರ ಪರಿಷ್ಕೃತ ನಿರ್ದೇಶನವು 2030ರ ಅಂತಿಮ ಬಳಕೆಯನ್ನು 76.3 ಕೋಟಿ ಟನ್ನಿಗೆ ಮಿತಿಗೊಳಿಸಿ, ಒಕ್ಕೂಟದ ಮಟ್ಟದಲ್ಲಿ ಅದನ್ನು ಕಡ್ಡಾಯವಾಗಿಸಿತು. ವಾರ್ಷಿಕ ಉಳಿತಾಯವನ್ನು ಹಂತಹಂತವಾಗಿ 2028ರಿಂದ ಶೇಕಡ 1.9ಕ್ಕೆ ಏರಿಸಿತು.

ಹಳೆಯ ಮನೆಗಳ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ವರ್ಷಕ್ಕೆ ಶೇಕಡ ಒಂದರಷ್ಟು ಕಟ್ಟಡಗಳಷ್ಟೇ ನವೀಕರಣಗೊಳ್ಳುತ್ತಿವೆ. ಬಾಡಿಗೆ ಮನೆಗಳಲ್ಲಿ ಗೋಡೆಗೆ ಹೊದಿಕೆ ಹಾಕಿಸುವ ಖರ್ಚು ಮಾಲೀಕನದು, ಇಂಧನದ ಬಿಲ್ಲು ಬಾಡಿಗೆದಾರನದು. ಇಬ್ಬರ ಹಿತ ಒಂದಾಗದಿರುವಲ್ಲಿ ಬಡ ಕುಟುಂಬ ಚಳಿಯಲ್ಲಿ ಉಳಿಯುತ್ತದೆ. ಇದನ್ನು ನೇರವಾಗಿ ಎದುರಿಸಿದ ದೇಶಗಳಲ್ಲಿ ಫ್ರಾನ್ಸ್ ಒಂದು: 2025ರ ಜನವರಿಯಿಂದ ಅಲ್ಲಿ ಜಿ ದರ್ಜೆಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ, 2028ರಿಂದ ಎಫ್ ದರ್ಜೆಯದನ್ನೂ ಕೊಡುವಂತಿಲ್ಲ. ಒಕ್ಕೂಟದ ಮಟ್ಟದಲ್ಲಿ ಇಂಥದೇ ಕನಿಷ್ಠ ದರ್ಜೆಯನ್ನು ಪ್ರತಿ ಮನೆಗೂ ವಿಧಿಸಬೇಕೆಂದು ಯುರೋಪಿಯನ್ ಸಂಸತ್ತು 2023ರ ಮಾರ್ಚಿನಲ್ಲಿ ಮತ ಹಾಕಿತ್ತು, ಸರ್ಕಾರಗಳು ಒಪ್ಪಲಿಲ್ಲ. ಇಟಲಿ ಮತ್ತು ಹಂಗೆರಿಗಳ ವಿರೋಧದ ನಡುವೆ 2024ರಲ್ಲಿ ಅಂಗೀಕೃತವಾದ ಕಟ್ಟಡ ನಿರ್ದೇಶನವು ಆ ಹೊಣೆಯನ್ನು ಪ್ರತಿ ಮನೆಯಿಂದ ತೆಗೆದು ದೇಶದ ಸರಾಸರಿಯ ಮೇಲೆ ಹೊರಿಸಿತು: ವಸತಿ ಕಟ್ಟಡಗಳ ಸರಾಸರಿ ಇಂಧನ ಬಳಕೆ 2030ರೊಳಗೆ ಶೇಕಡ 16ರಷ್ಟು ತಗ್ಗಬೇಕು, ಅದರಲ್ಲಿ ಶೇಕಡ 55ರಷ್ಟಾದರೂ ಅತಿ ಹೆಚ್ಚು ಶಾಖ ಸೋರುವ ಕಟ್ಟಡಗಳ ದುರಸ್ತಿಯಿಂದ ಬರಬೇಕು. ಯಾವ ಬೀದಿಯ ಯಾವ ಮನೆಯಿಂದ ಆರಂಭಿಸಬೇಕು, ಖರ್ಚನ್ನು ಯಾರು ಭರಿಸಬೇಕು ಎಂಬುದನ್ನು ನಿರ್ದೇಶನ ಹೇಳುವುದಿಲ್ಲ. ಅದನ್ನು ನಿರ್ಧರಿಸಿ ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಲು ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಮೇ 29.