ಬಸಂತಿಯ ಟಾಂಗಾ ಓಡಿಸಿದವಳು

ಪಾಲಿಬೆಟ್ಟದಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗುವವರಿಗೆ ರಾಮನಗರ ಹೊಸ ಊರೇನಲ್ಲ. ಗೋಣಿಕೊಪ್ಪ, ಹುಣಸೂರು, ಮೈಸೂರು ದಾಟಿ, ಚನ್ನಪಟ್ಟಣ ಆದ ಮೇಲೆ ಬೋಳು ಬೋಳಾದ ದೊಡ್ಡ ಬಂಡೆಗಳು ಕಾಣ್ತವಲ್ಲ, ಅದೇ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ‘ಶೋಲೆ’ಯ ಗಬ್ಬರ್ ಸಿಂಗ್ ಇದ್ದದ್ದು ಇಲ್ಲೇ ಅಂತ ಪಕ್ಕದ ಸೀಟಿನವರು ಯಾರಾದರೂ ಹೇಳಿಯೇ ಹೇಳ್ತಾರೆ. ಆದರೆ ಅಲ್ಲಿ ಟಾಂಗಾ ಓಡಿಸಿದ ಹೆಣ್ಣಿನ ಹೆಸರು ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೀತಾ ಇದ್ದೇನೆ.

ಕುದುರೆ, ಕೋವಿ, ಧೂಳು, ದರೋಡೆಕೋರರು ಇರುವ ಕೌಬಾಯ್ ಸಿನಿಮಾ ಅಮೆರಿಕದ್ದು. ಆದರೆ ‘ಶೋಲೆ’ಯ ಕಥೆಯ ಬೇರು ಜಪಾನಿನಲ್ಲಿಯೂ ಉಂಟು. 1954ರಲ್ಲಿ ಕುರೊಸಾವಾ ಅನ್ನುವವರು ‘ಸೆವೆನ್ ಸಮುರಾಯ್’ ತೆಗೆದರು: ದರೋಡೆಕೋರರ ಕಾಟ ತಡೀಲಿಕ್ಕೆ ಹಳ್ಳಿಯವರು ಕತ್ತಿ ಹಿಡಿಯುವವರನ್ನು ಗೊತ್ತು ಮಾಡಿಕೊಳ್ಳುವ ಕಥೆ. 1960ರಲ್ಲಿ ಅಮೆರಿಕದವರು ಅದನ್ನೇ ಕುದುರೆ ಹತ್ತಿಸಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಮಾಡಿದರು. ಸಲೀಂ-ಜಾವೇದ್ ಜೋಡಿ ಆ ಎಳೆಯನ್ನು ನಮ್ಮ ದೇಶದ ಹಳ್ಳಿಗೆ ತಂದು, ಠಾಕೂರ್, ಜೈ, ವೀರು, ಗಬ್ಬರ್ ಅಂತ ಹೊಸ ಕಥೆಯನ್ನೇ ಕಟ್ಟಿದರು.

ನಿರ್ದೇಶಕ ರಮೇಶ್ ಸಿಪ್ಪಿ, ನಿರ್ಮಾಪಕರು ಅವರ ತಂದೆ ಜಿ.ಪಿ. ಸಿಪ್ಪಿ. ರಾಮನಗರದ ಬಂಡೆಗಳನ್ನು ಹುಡುಕಿಕೊಟ್ಟವರು ಕಲಾ ನಿರ್ದೇಶಕ ರಾಮ್ ಯಡೇಕರ್. ಅಲ್ಲಿ ಮನೆ, ಗುಡಿ, ಮಸೀದಿ ಎಲ್ಲ ಇರುವ ‘ರಾಮಗಢ’ವನ್ನೇ ಕಟ್ಟಿದರು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆಯೂ ಆಯ್ತು. 1973ರ ಅಕ್ಟೋಬರಿನಲ್ಲಿ ಶುರುವಾದ ಚಿತ್ರೀಕರಣ ವರ್ಷ ಕಳೆದರೂ ಮುಗೀಲಿಲ್ಲ.

ಯಾಕೆ ಅಷ್ಟು ದಿನ ಅಂತ ಕೇಳಿದರೆ, ದೀಪದ ದೃಶ್ಯ ಒಂದು ಸಾಕು. ವಿಧವೆ ರಾಧಾ ಆದ ಜಯಾ ಭಾದುರಿ ಮುಸ್ಸಂಜೆಯಲ್ಲಿ ಒಂದೊಂದೇ ದೀಪ ಆರಿಸ್ತಾ ಬರ್ತಾರೆ, ಕೆಳಗೆ ಜೈ ಮೌತ್ ಆರ್ಗನ್ ನುಡಿಸ್ತಾನೆ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರಿಗೆ ಹೊತ್ತು ಮುಳುಗುವಾಗಿನ ಬೆಳಕೇ ಬೇಕು. ಆ ಬೆಳಕು ಎಷ್ಟು ಹೊತ್ತು ನಿಲ್ತದೆ, ಹೇಳಿ? ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆದು ಒಳಗೆ ಬರುವಷ್ಟರಲ್ಲಿ ಕತ್ತಲೆ. ಹಾಗಾಗಿ ಆ ಸ್ವಲ್ಪಕ್ಕೇ 20 ದಿನ ಹಿಡಿಯಿತು.

ಇನ್ನು ಟಾಂಗಾ. ಗಬ್ಬರನ ಕಡೆಯವರು ಕುದುರೆ ಹತ್ತಿ ಅಟ್ಟಿಸಿಕೊಂಡು ಬರುವಾಗ ಬಸಂತಿ ಟಾಂಗಾ ಓಡಿಸ್ತಾಳಲ್ಲ, ಉಸಿರು ಬಿಗಿ ಹಿಡಿದು ನೋಡುವ ದೃಶ್ಯ ಅದು. ಹತ್ತಿರದಿಂದ ಕಾಣುವ ಮುಖ ಹೇಮಾ ಮಾಲಿನಿಯದ್ದು. ಅಪಾಯದ ಓಟದಲ್ಲಿ ಅವರ ಬದಲಿಗೆ ಲಗಾಮು ಹಿಡಿದವಳು ರೇಷ್ಮಾ ಪಠಾಣ್. ಮುಂಬೈಯ ಬಡ ಮನೆಯ ಹುಡುಗಿ, ಹದಿನಾಲ್ಕರ ಪ್ರಾಯದಲ್ಲೇ ಸ್ಟಂಟ್ ಕೆಲಸಕ್ಕೆ ಇಳಿದವಳು. ಗಂಡಸರೇ ತುಂಬಿದ್ದ ಕೆಲಸ ಅದು. ಆಗ ಎಷ್ಟೋ ಸಲ ನಾಯಕಿಯರ ಬದಲಿಗೂ ಗಂಡಸರೇ ಸೀರೆ ಉಟ್ಟು ಹಾರುತ್ತಿದ್ದರು. ರೇಷ್ಮಾ ಬಂದ ಮೇಲೆ ಹೆಣ್ಣಿನ ಕೆಲಸ ಹೆಣ್ಣಿಗೇ ಸಿಕ್ಕಿತು. ‘ಶೋಲೆ’ಯಲ್ಲಿ ಟಾಂಗಾ ಮಗುಚಿ ಅವಳಿಗೆ ಪೆಟ್ಟಾಯ್ತು. ಆದರೂ ಬಿಡಲಿಲ್ಲ, ಆ ಕೂಲಿಯಿಂದ ಮನೆ ನಡೀಬೇಕಿತ್ತು.

1975ರ ಆಗಸ್ಟ್ 15ಕ್ಕೆ ಸಿನಿಮಾ ಬಂತು. ಮೊದಮೊದಲು ಥಿಯೇಟರಿಗೆ ಜನ ಬರಲಿಲ್ಲ. ಆಮೇಲೆ ಬಾಯಿಂದ ಬಾಯಿಗೆ ಹಬ್ಬಿ, ಮುಂಬೈಯ ಮಿನರ್ವದಲ್ಲಿ ಐದು ವರ್ಷ ಓಡಿತು. ಗಬ್ಬರ್ ಆದ ಅಮ್ಜದ್ ಖಾನ್ ಮನೆಮಾತಾದರು. ರೇಷ್ಮಾಳ ಹೆಸರು ಮಾತ್ರ ಪೋಸ್ಟರಿನಲ್ಲಿ ಬರಲಿಲ್ಲ. ಅವಳ ಬದುಕನ್ನೇ ‘ದಿ ಶೋಲೆ ಗರ್ಲ್’ ಅಂತ ಸಿನಿಮಾ ಮಾಡಿದ್ದು 2019ರಲ್ಲಿ, ಅಷ್ಟು ವರ್ಷ ಕಳೆದ ಮೇಲೆ. ಅದೂ ಮಹಿಳಾ ದಿನಕ್ಕೆ.

ರಾಮಗಢದ ಮನೆಗಳು ಈಗ ಇಲ್ಲ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಮಾಡಿದರು. ಗಬ್ಬರನ ಬಂಡೆಗಳಲ್ಲಿ ಹದ್ದುಗಳಿಗೆ ಮನೆ ಆಯ್ತು, ಒಳ್ಳೇದೇ.

ಕಾಫಿ ಕೊಯ್ಲಿನ ಲೆಕ್ಕ ತೋಟದ ಯಜಮಾನರ ಹೆಸರಲ್ಲಿ ಇರ್ತದೆ, ಹಣ್ಣು ಕೊಯ್ದ ಕೈ ಯಾರದ್ದು ಅಂತ ಅದರಲ್ಲಿ ಇರೋದಿಲ್ಲ. ಅದು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಮ್ಮೆ ಟಿವಿಯಲ್ಲಿ ‘ಶೋಲೆ’ ಬಂದರೆ ಟಾಂಗಾ ದೂರದಿಂದ ಕಾಣುವಾಗ ಕಣ್ಣಿಟ್ಟು ನೋಡಿ, ಮಕ್ಕಳನ್ನೂ ಕರೆದು ತೋರಿಸಿ. ಮುಖ ಕಾಣೋದಿಲ್ಲ, ಲಗಾಮು ಹಿಡಿದ ಕೈ ಕಾಣ್ತದೆ. ಅದು ರೇಷ್ಮಾ ಪಠಾಣಳ ಕೈ ಅಂತ ಹೇಳಿ.